ಮುರಿದ ಮುಖಕ್ಕೆ ಹಲ್ಲೇ ಸಾಕ್ಷಿ

ಬನದ ಹುಣ್ಣಿಮೆಯ ದಿನಗಳಲ್ಲಿ ಚೊಳಚಗುಡ್ಡದ ದಾರಿಗಳಿಗೆ ಬಿಡುವೆಂಬುದಿಲ್ಲ. ಬನಶಂಕರಿಯ ತೇರಿಗೆ ಬಂದವರು ಹಗಲೆಲ್ಲ ಅಂಗಡಿಸಾಲುಗಳಲ್ಲಿ ಅಲೆದು, ಇರುಳೆಲ್ಲ ನಾಟಕ ನೋಡಿ, ಬೆಳಗಿನ ಜಾವಕ್ಕೆ ತಮ್ಮ ತಮ್ಮ ಊರಿನ ದಾರಿ ಹಿಡಿಯುತ್ತಾರೆ. ಅದೇ ಕಾಲಕ್ಕೆ ಜಿಲ್ಲೆಯಲ್ಲಿ ಕಬ್ಬಿನ ಹಂಗಾಮು. ಹೊರೆ ಹೊತ್ತ ಟ್ರೇಲರುಗಳು ಕತ್ತಲಲ್ಲಿ ತೆವಳುತ್ತಿರುತ್ತವೆ. ಕೆಲವಕ್ಕೆ ಹಿಂಬದಿಯ ದೀಪವೂ ಇರುವುದಿಲ್ಲ.

ನಾಟಕ ಮುಗಿಸಿ ನಿದ್ದೆಗಣ್ಣಿನಲ್ಲಿ ಹೊರಟ ತರುಣನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಬಾದಾಮಿಯ ದಾರಿಯಲ್ಲಿ ಅವನ ಮೋಟರ್ ಸೈಕಲ್ಲು ಅಂಥದೊಂದು ಟ್ರೇಲರಿಗೆ ಬಡಿಯಿತು. ಎಚ್ಚರ ತಪ್ಪಿಲ್ಲ, ಮಾತನಾಡುತ್ತಾನೆ. ಮುಖ ಮಾತ್ರ ಬಾತು ಕಣ್ಣು ಮುಚ್ಚಿಹೋಗಿದೆ. “ದೇವಿ ದೊಡ್ಡಾಕಿ, ತಲಿ ಉಳೀತು, ಬಾವು ನಾಕು ದಿನಕ್ಕ ಇಳೀತೈತಿ” ಎಂದು ಮನೆಯವರು ಅರಿಸಿನ ಅರೆಯುತ್ತಾರೆ. “ಯವ್ವಾ, ಹಲ್ಲಿಗೆ ಹಲ್ಲ ಕೂಡವಲ್ದು” ಎಂದು ಅವನು ತೊದಲಿದ ಮಾತನ್ನು ಯಾರೂ ಲಕ್ಷಿಸುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಆಡಬೇಕಾದ ಮಾತುಗಳಲ್ಲೆಲ್ಲ ಮುಖ್ಯವಾದುದು ಅದೇ.

ಕಂಬಗಳ ಮಂಟಪ

ಬನಶಂಕರಿ ಗುಡಿಯ ಮುಂದಿನ ಹರಿದ್ರಾ ತೀರ್ಥವನ್ನು ಕಂಡವರಿಗೆ ಮುಖದ ರಚನೆಯನ್ನು ತಿಳಿಸುವುದು ಸುಲಭ. ಹೊಂಡದ ಬದಿಗೆ ಕಲ್ಲುಕಂಬಗಳ ಮಂಟಪ ಸಾಲಾಗಿ ನಿಂತಿದೆ. ಕಂಬಗಳ ನಡುವೆ ಬಯಲು. ಭಾರವೆಲ್ಲ ಕಂಬಗಳ ಮೇಲೆ. ಹುಬ್ಬಿನಿಂದ ಮೇಲಿನ ಹಲ್ಲುಗಳವರೆಗಿನ ನಮ್ಮ ನಡುಮುಖವೂ ಹಾಗೆಯೇ. ಮೂಗಿನ ಪಕ್ಕದಲ್ಲೊಂದು, ಕೆನ್ನೆಯಲ್ಲೊಂದು, ಹಿಂದೆ ಅಂಗುಳದ ಕೊನೆಯಲ್ಲೊಂದು, ಹೀಗೆ ಎಡಕ್ಕೆ ಮೂರು, ಬಲಕ್ಕೆ ಮೂರು ಎಲುಬಿನ ಕಂಬಗಳು. ಕಣ್ಣುಗುಳಿಯ ಅಂಚುಗಳೂ ಅಂಗುಳವೂ ಅವುಗಳಿಗೆ ಅಡ್ಡತೊಲೆಗಳು. ನಡುವೆ ಇರುವುದು ಮೂಗಿನ ಪೊಳ್ಳು, ಕಣ್ಣುಗಳ ಗೂಡು, ಗಾಳಿ ತುಂಬಿದ ಕೋಣೆಗಳು. ಈ ಕೋಣೆಗಳ ಗೋಡೆಗಳು ಕೆಲವೆಡೆ ಕಾಗದದಷ್ಟು ತೆಳು.

ಜೋಳದ ರೊಟ್ಟಿಯನ್ನು ಅಗಿಯುವಾಗ ಕೆಳಗಿನಿಂದ ಮೇಲಕ್ಕೇರುವ ಒತ್ತಡವನ್ನು ಈ ಕಂಬಗಳು ದಿನವೂ ಅನಾಯಾಸವಾಗಿ ಹೊರುತ್ತವೆ. ಆದರೆ ಎದುರಿನಿಂದಲೋ ಪಕ್ಕದಿಂದಲೋ ಪೆಟ್ಟು ಬಿದ್ದರೆ ಕುಸಿಯುತ್ತವೆ. ಕುಸಿಯುವಾಗ ಪೆಟ್ಟಿನ ಬಿರುಸನ್ನು ಎಷ್ಟೋ ಸಲ ತಾವೇ ನುಂಗಿಕೊಳ್ಳುತ್ತವೆ. ಹಾಗೆಂದು ಮೆದುಳಿಗೆ ಅಪಾಯವಿಲ್ಲವೆಂದು ನೆಚ್ಚಿ ಕೂರಬಾರದು. ಮುಖ ಒಡೆದವನ ತಲೆಯನ್ನೂ ಕುತ್ತಿಗೆಯನ್ನೂ ವೈದ್ಯರು ಪರೀಕ್ಷಿಸಲೇಬೇಕು.

ಬಿರುಕಿಗೂ ಒಂದು ದಾರಿ

ಮುಖ ಮನಬಂದಂತೆ ಒಡೆಯುವುದಿಲ್ಲವೆಂದು ತೋರಿಸಿದವನು ಫ್ರಾನ್ಸ್ ದೇಶದ ಲಿಲ್ ನಗರದ ಶಸ್ತ್ರವೈದ್ಯ ರೆನೆ ಲ ಫೋರ್. ಶವಗಳ ತಲೆಗಳಿಗೆ ಬಗೆಬಗೆಯಾಗಿ ಪೆಟ್ಟು ಕೊಟ್ಟು, ಬಳಿಕ ಮಾಂಸವನ್ನು ಬಿಡಿಸಿ, ಎಲುಬು ಎಲ್ಲಿ ಸೀಳಿದೆಯೆಂದು ಅವನು ನೋಡಿದ. ಕೇಳಲು ಭೀಕರವೆನಿಸಿದರೂ 1901ರಲ್ಲಿ ಅವನು ಪ್ರಕಟಿಸಿದ ಆ ಪರೀಕ್ಷೆಗಳ ಫಲವನ್ನು ಇಂದಿಗೂ ಜಗತ್ತಿನ ವೈದ್ಯರು ಬಳಸುತ್ತಾರೆ. ಅವನು ಕಂಡ ಬಿರುಕಿನ ದಾರಿಗಳು ಮೂರು. ಮೊದಲನೆಯದು ಹಲ್ಲುಗಳ ಬೇರಿನ ಮೇಲೆ ಅಡ್ಡಲಾಗಿ ಹರಿಯುತ್ತದೆ. ಆಗ ಮೇಲಿನ ಹಲ್ಲುಸಾಲು ಅಂಗುಳದೊಡನೆ ಕಟ್ಟಿಸಿದ ಹಲ್ಲಿನಂತೆ ಅಲುಗಾಡುತ್ತದೆ. ಎರಡನೆಯದು ಮೂಗಿನ ಬುಡದಿಂದ ಇಳಿದು ಎರಡೂ ಕೆನ್ನೆಗಳನ್ನು ಹಾದು, ಮೂಗನ್ನೂ ಮೇಲ್ದವಡೆಯನ್ನೂ ಗೋಪುರದಾಕಾರದಲ್ಲಿ ಬಿಡಿಸುತ್ತದೆ. ಮೂರನೆಯದರಲ್ಲಿ ಇಡೀ ನಡುಮುಖವೇ ತಲೆಬುರುಡೆಯಿಂದ ಕಳಚಿಕೊಳ್ಳುತ್ತದೆ. ವಾಹನಗಳ ವೇಗ ಹೆಚ್ಚಿದ ನಮ್ಮ ಕಾಲದಲ್ಲಿ ಒಂದು ಪಕ್ಕಕ್ಕೆ ಒಂದು ಬಗೆ, ಇನ್ನೊಂದು ಪಕ್ಕಕ್ಕೆ ಮತ್ತೊಂದು ಬಗೆ ಬೆರೆತಿರುವುದೇ ಹೆಚ್ಚು.

ವೈದ್ಯರ ಬೆರಳು

ವೈದ್ಯರು ಒಂದು ಕೈಯಿಂದ ಹಣೆಯನ್ನು ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದ ಮೇಲಿನ ಮುಂಬಲ್ಲುಗಳನ್ನು ಮೆಲ್ಲನೆ ಅಲುಗಿಸಿ ನೋಡುತ್ತಾರೆ. ಹಲ್ಲುಸಾಲು ಅಲುಗಿದರೆ ಮೇಲ್ದವಡೆ ಮುರಿದಿದೆಯೆಂದು ಅರ್ಥ. ಎಲ್ಲಿಯವರೆಗೆ ಅಲುಗುತ್ತದೆಯೆಂಬುದರಿಂದ ಬಿರುಕು ಯಾವ ಎತ್ತರದಲ್ಲಿದೆಯೆಂದು ತಿಳಿಯುತ್ತದೆ. ಮೇಲ್ದವಡೆ ಹಿಂದಕ್ಕೂ ಕೆಳಕ್ಕೂ ಜಾರಿದಾಗ ಹಿಂದಿನ ದವಡೆಹಲ್ಲುಗಳು ಮೊದಲು ತಾಗಿ, ಮುಂಬಲ್ಲುಗಳ ನಡುವೆ ಸಂದು ಉಳಿಯುತ್ತದೆ. ನಮ್ಮ ತರುಣನು ದೂರಿದ್ದು ಇದನ್ನೇ. ಕೆನ್ನೆ, ಮೇಲ್ದುಟಿ ಜೋಮು ಹಿಡಿದಂತಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ಬಾವು ಇಳಿದ ಮೇಲೆ ಕಣ್ಣು ಗುಳಿಬೀಳುವುದು, ಇವು ಕೆನ್ನೆಯೆಲುಬಿನ ಅಥವಾ ಕಣ್ಣುಗೂಡಿನ ನೆಲದ ಮುರಿತದ ಗುರುತುಗಳು.

ತಾಯಂದಿರಿಗೆ ಒಂದು ಮಾತು. ಕಣ್ಣಿಗೆ ಪೆಟ್ಟು ಬಿದ್ದ ಮಗುವಿನ ಕಣ್ಣು ಮೇಲ್ನೋಟಕ್ಕೆ ಬಿಳುಪಾಗಿ ಸರಿಯಾಗಿಯೇ ಕಾಣಬಹುದು. ಆದರೆ ಮೇಲೆ ನೋಡಲಾರದೆ ಮಗು ವಾಂತಿ ಮಾಡಿಕೊಂಡರೆ, ಕಣ್ಣಿನ ಸ್ನಾಯು ಬಿರುಕಿನಲ್ಲಿ ಸಿಕ್ಕಿಕೊಂಡಿರುವ ಸಂಭವವಿದೆ. ಅದಕ್ಕೆ ಒಂದು ದಿನವೂ ಕಾಯಬಾರದು.

1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮೇಲೆ ಬಳಕೆಯಾದ ಸಿ.ಟಿ. ಯಂತ್ರ ಈ ವಿಷಯದಲ್ಲಿ ದೊಡ್ಡ ಉಪಕಾರ ಮಾಡಿದೆ. ಹಳೆಯ ಕ್ಷಕಿರಣ ಚಿತ್ರದಲ್ಲಿ ಒಂದರ ಮೇಲೊಂದು ಬಿದ್ದು ಗೋಜಲಾಗುತ್ತಿದ್ದ ಎಲುಬುಗಳನ್ನು ಈ ಯಂತ್ರ ತೆಳುವಾದ ಪದರಗಳಾಗಿ ಬಿಡಿಸಿ ತೋರಿಸುತ್ತದೆ.

ಮೊದಲ ಗಳಿಗೆಯ ಎಚ್ಚರ

ಮುಖ ಮುರಿದವನಿಗೆ ಮೊದಲ ಶತ್ರು ಉಸಿರುಗಟ್ಟುವಿಕೆ. ಹಿಂದಕ್ಕೆ ಜಾರಿದ ದವಡೆ, ರಕ್ತ, ಉದುರಿದ ಹಲ್ಲು ಎಲ್ಲವೂ ಗಂಟಲನ್ನು ಮುಚ್ಚಬಲ್ಲವು. ಎಚ್ಚರವಿದ್ದವನು ಮುಂದಕ್ಕೆ ಬಾಗಿ ಕೂತುಕೊಳ್ಳಲು ಬಯಸಿದರೆ ಹಾಗೆಯೇ ಕೂರಲಿ. ಅಂಗಾತ ಮಲಗೆಂದು ಒತ್ತಾಯಿಸಬಾರದು. ಎಚ್ಚರವಿಲ್ಲದವನ ಕುತ್ತಿಗೆಯನ್ನು ತಲೆಯೊಡನೆ ನೇರವಾಗಿ ಹಿಡಿದು ಪಕ್ಕಕ್ಕೆ ಹೊರಳಿಸಬೇಕು. ಮೂಗಿನಿಂದ ನೀರಿನಂಥ ದ್ರವ ಇಳಿಯುತ್ತಿದ್ದರೆ ಅದು ಮೆದುಳನ್ನು ಸುತ್ತಿರುವ ದ್ರವವಾಗಿರಬಹುದು. ಮೂಗಿಗೆ ಹತ್ತಿ ತುರುಕಬಾರದು; ಮೂಗು ಸೀನಲು ಬಿಡಬಾರದು. ಕೂಡಲೆ 108ಕ್ಕೆ ಕರೆ ಮಾಡಬೇಕು.

ಮರಳಿ ಕಟ್ಟುವ ಬಗೆ

ಬಾವು ಇಳಿಯಲೆಂದು ಶಸ್ತ್ರವೈದ್ಯರು ಕೆಲವು ದಿನ ಕಾಯುವುದುಂಟು. ಆದರೆ ಸಾಮಾನ್ಯವಾಗಿ ಎರಡು ವಾರ ದಾಟಗೊಡುವುದಿಲ್ಲ. ಅಷ್ಟರೊಳಗೆ ಎಲುಬು ಸೊಟ್ಟಗಿದ್ದಲ್ಲಿಯೇ ಕೂಡಿಕೊಳ್ಳತೊಡಗುತ್ತದೆ. ಹಾಗೆ ಕೂಡಿದ್ದನ್ನು ಮತ್ತೆ ಕೊಯ್ದು ಸರಿಪಡಿಸುವುದು ಹತ್ತು ಪಾಲು ಕಷ್ಟ.

ಚೂರಾದ ಮುಖದಲ್ಲಿ ಯಾವ ಎಲುಬು ಎಲ್ಲಿತ್ತೆಂದು ತಿಳಿಯುವುದು ಹೇಗೆ? ಇಲ್ಲಿ ದಾರಿ ತೋರುವವು ಹಲ್ಲುಗಳು. ವರ್ಷಗಟ್ಟಲೆ ಒಂದಕ್ಕೊಂದು ಸವೆದ ಹಲ್ಲುಸಾಲುಗಳು ಬೀಸುವ ಕಲ್ಲಿನ ಎರಡು ಹೋಳುಗಳಂತೆ. ಒಂದು ಇನ್ನೊಂದರ ಮೇಲೆ ಕೂಡುವ ರೀತಿ ಒಂದೇ. ಕೆಳದವಡೆ ನೆಟ್ಟಗಿದ್ದರೆ ಅದೇ ಅಚ್ಚು. ಹಲ್ಲುಸಾಲುಗಳಿಗೆ ಲೋಹದ ಪಟ್ಟಿ ಬಿಗಿದು, ಮೊದಲಿನಂತೆ ಹಲ್ಲಿಗೆ ಹಲ್ಲು ಕೂಡಿಸಿ ತಂತಿಯಿಂದ ಕಟ್ಟಿದ ಮೇಲೆ, ಕಂಬಗಳು ತಮ್ಮ ನೆಲೆಗೆ ಬರುತ್ತವೆ.

ಹಿಂದೆ ಇಷ್ಟಕ್ಕೆ ಕೆಲಸ ನಿಲ್ಲುತ್ತಿತ್ತು. ತಲೆಗೆ ಗಾರೆಯ ಟೋಪಿ ಹಾಕಿಯೋ, ಮೇಲಿನ ಗಟ್ಟಿ ಎಲುಬಿಗೆ ತಂತಿಯಿಂದ ತೂಗುಹಾಕಿಯೋ ರೋಗಿಯ ಬಾಯಿಯನ್ನು ವಾರಗಟ್ಟಲೆ ಬಿಗಿದಿಡುತ್ತಿದ್ದರು. 1970ರ ದಶಕದಲ್ಲಿ ಫ್ರಾನ್ಸಿನ ಮಿಶೆಲೆ, ಶಾಂಪಿ ಮುಂತಾದ ವೈದ್ಯರು ಪುಟ್ಟ ಲೋಹಪಟ್ಟಿಗಳನ್ನು ಬಳಕೆಗೆ ತಂದರು. ಇಂದು ತುಟಿಯ ಒಳಗೆ, ಕೆಳರೆಪ್ಪೆಯ ಮರೆಯಲ್ಲಿ, ಕೂದಲ ಸಾಲಿನಲ್ಲಿ ಕೊಯ್ದು, ಟೈಟೇನಿಯಂ ಪಟ್ಟಿಗಳನ್ನು ಸಣ್ಣ ತಿರುಪುಗಳಿಂದ ಕಂಬಗಳಿಗೆ ಬಿಗಿಯುತ್ತಾರೆ. ಕಣ್ಣುಗೂಡಿನ ನೆಲ ಒಡೆದಿದ್ದರೆ ಜಾಲರಿಯನ್ನೋ ರೋಗಿಯದೇ ಎಲುಬಿನ ತುಣುಕನ್ನೋ ಹಾಸುತ್ತಾರೆ. ಹೀಗೆ ಬಿಗಿದರೆ ಬಾಯಿಯನ್ನು ಬಹುಕಾಲ ಕಟ್ಟಿಡಬೇಕಾದ ಪ್ರಸಂಗ ಕಡಿಮೆ.

ಮುಖದ ಎಲುಬು ಕೂಡಿಸುವವರನ್ನು ಹುಡುಕುತ್ತ ದಂತ ಮಹಾವಿದ್ಯಾಲಯಕ್ಕೆ ಏಕೆ ಹೋಗಬೇಕೆಂಬ ಪ್ರಶ್ನೆಗೂ ಇದೇ ಉತ್ತರ. ಬಾಗಲಕೋಟೆಯ ಪಿ. ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯ, ಧಾರವಾಡದ ಸತ್ತೂರಿನ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತ ಮಹಾವಿದ್ಯಾಲಯ ಮುಂತಾದವುಗಳಲ್ಲಿ ಬಾಯಿ ಮತ್ತು ದವಡೆಗಳ ಶಸ್ತ್ರಚಿಕಿತ್ಸೆಗೆಂದೇ ವಿಭಾಗವಿದೆ.

ಕೊನೆಯದಾಗಿ ಶಿರಸ್ತ್ರಾಣದ ಮಾತು. ಹಿಂದೆ ಕೂತವರಿಗೂ ಅದು ಕಡ್ಡಾಯವೆಂದು ಕರ್ನಾಟಕ ಸರಕಾರ 2016ರಲ್ಲಿ ಆಜ್ಞೆ ಮಾಡಿತು. ಆದರೆ ಬೋಗುಣಿ ಕವುಚಿದಂಥ ಅರೆ ಶಿರಸ್ತ್ರಾಣ ಬುರುಡೆಯನ್ನಷ್ಟೇ ಕಾಯುತ್ತದೆ. ನಡುಮುಖ ಬಯಲಿಗೇ ಉಳಿಯುತ್ತದೆ. ಗಲ್ಲದವರೆಗೆ ಮುಚ್ಚುವಂಥದನ್ನು ಕೊಳ್ಳುವುದೇ ಜಾಣತನ.

ಶಸ್ತ್ರಕ್ರಿಯೆಯಾದ ತರುಣ ಕೆಲವು ವಾರ ಅಂಬಲಿ, ಗಂಜಿಗಳ ಮೇಲೆಯೇ ದಿನ ಕಳೆಯಬೇಕು. ಆಮೇಲೊಂದು ದಿನ ವೈದ್ಯರು ಅಪ್ಪಣೆ ಕೊಡುತ್ತಾರೆ. ಬನಶಂಕರಿಯ ಅಂಗಳದಲ್ಲಿ ಬುಟ್ಟಿ ಹೊತ್ತು ರೊಟ್ಟಿ ಮಾರುವ ತಾಯಂದಿರ ಬಳಿ ಕೂತು, ಕೆಂಪು ಚಟ್ನಿ ಮೊಸರು ಹಚ್ಚಿ, ಖಡಕ್ ರೊಟ್ಟಿಯೊಂದನ್ನು ಅವನು ಕಟುಂ ಎಂದು ಕಡಿದನೆನ್ನಿ. ಹಲ್ಲಿಗೆ ಹಲ್ಲು ಕೂಡಿತೆಂಬುದಕ್ಕೆ ಅದಕ್ಕಿಂತ ನೆಚ್ಚಿನ ಪರೀಕ್ಷೆ ಯಾವುದಿದೆ?