ಶಾಲೆಗೆ ರೌಟರ್ ಟೇಬಲ್: ಮೊದಲು ಸ್ವಿಚ್ ನೋಡಿ!

ರೌಟರ್ ಎಂದ ಕೂಡಲೇ ಇಂದಿನ ಮಕ್ಕಳ ಕಣ್ಣ ಮುಂದೆ ಬರುವುದು ಮನೆಯ ಮೂಲೆಯಲ್ಲಿ ಹಸಿರು ದೀಪ ಮಿನುಗಿಸುತ್ತಾ ಕೂತಿರುವ ಇಂಟರ್‌ನೆಟ್ ಪೆಟ್ಟಿಗೆ. ಆದರೆ ಬಡಿಗರ ಲೋಕದಲ್ಲಿ ಇದೇ ಹೆಸರಿನ ಇನ್ನೊಂದು ಸಾಧನವಿದೆ. ಮರದಲ್ಲಿ ತೋಡು ತೆಗೆಯಲು, ಅಂಚನ್ನು ದುಂಡಗೆ ಮಾಡಲು, ಚೌಕಟ್ಟಿನ ಒಳಗೆ ಹಲಗೆ ಕೂರುವಂತೆ ಮೆಟ್ಟಿಲು ಕೊರೆಯಲು ಬಳಸುವ ವಿದ್ಯುತ್ ಯಂತ್ರ ಅದು. ಕೈಯಲ್ಲಿ ಹಿಡಿದು ಹಲಗೆಯ ಮೇಲೆ ಓಡಿಸಿದರೆ ಅದು ರೌಟರ್. ಅದನ್ನೇ ತಲೆಕೆಳಗು ಮಾಡಿ ಮೇಜಿನ ಅಡಿಗೆ ಬಿಗಿದು, ತಿರುಗುವ ಮೊನೆ ಮಾತ್ರ ಮೇಜಿನ ಮೇಲೆ ಕಾಣುವಂತೆ ಇಟ್ಟರೆ ರೌಟರ್ ಟೇಬಲ್. ಮೊದಲನೆಯದರಲ್ಲಿ ಯಂತ್ರ ಚಲಿಸುತ್ತದೆ, ಮರ ನಿಂತಿರುತ್ತದೆ. ಎರಡನೆಯದರಲ್ಲಿ ಯಂತ್ರ ನಿಂತಿರುತ್ತದೆ, ಮರವನ್ನು ಕೈಯಿಂದ ತಳ್ಳಬೇಕಾಗುತ್ತದೆ. ಎಲ್ಲ ಎಚ್ಚರಿಕೆಯೂ ಈ ಕೈಯ ಸುತ್ತಲೇ ಇದೆ.

ಈಗ ಈ ಮಾತು ಏಕೆ? ಶಾಲೆಗಳಿಗೆ ಕೈಕೆಲಸ ಮತ್ತೆ ಬರುತ್ತಿದೆ. ಪುಸ್ತಕದ ಜೊತೆಗೆ ಕಸುಬನ್ನೂ ಕಲಿಸಬೇಕೆಂದು ಗಾಂಧೀಜಿ 1937ರ ವಾರ್ಧಾ ಸಮ್ಮೇಳನದಲ್ಲಿ ಪ್ರತಿಪಾದಿಸಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೇ ತರಗತಿಯ ಮಕ್ಕಳು ಮರಗೆಲಸ, ವಿದ್ಯುತ್ ಕೆಲಸ, ಲೋಹದ ಕೆಲಸ, ತೋಟಗಾರಿಕೆ, ಕುಂಬಾರಿಕೆಗಳಂಥ ಕಸುಬುಗಳನ್ನು ಕೈಯಾರೆ ಮಾಡಿ ನೋಡಬೇಕೆಂದು ಹೇಳಿತು. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಗೊತ್ತುಮಾಡಲಾಯಿತು. ಹಣ ಬಂದ ಮೇಲೆ ಯಂತ್ರದ ಪಟ್ಟಿ ಬರುತ್ತದೆ. ಪಟ್ಟಿಯ ಹಿಂದೆಯೇ ಮಾರಾಟಗಾರರೂ ಬರುತ್ತಾರೆ.

ಬೀದರ್ ಜಿಲ್ಲೆಗೆ ಮರಗೆಲಸ ಹೊಸದಲ್ಲ. ಬೀದರ್ ಕೋಟೆಯ ರಂಗೀನ್ ಮಹಲಿನ ಕೆತ್ತನೆಯ ಮರದ ಕಂಬಗಳು ಉಳಿ, ಕೊಡತಿಗಳಿಂದ ಮನುಷ್ಯನ ಕೈ ಏನು ಮಾಡಬಲ್ಲದು ಎಂಬುದನ್ನು ಇಂದಿಗೂ ತೋರಿಸುತ್ತಿವೆ. ನೇಗಿಲು, ಕುಂಟೆ, ಕೂರಿಗೆಗಳನ್ನು ಮಾಡಿಕೊಟ್ಟ ಬಡಿಗರ ಮನೆತನಗಳು ಈ ಸೀಮೆಯ ಊರೂರಿನಲ್ಲೂ ಇದ್ದವು. ಔರಾದ್ ಸೀಮೆಯ ಡಾಬಕಾದಂಥ ಊರಿನ ಒಂದು ಪ್ರೌಢಶಾಲೆಯವರು ಮರಗೆಲಸದ ಕೋಣೆ ಮಾಡಿ, ಅದಕ್ಕೊಂದು ರೌಟರ್ ಟೇಬಲ್ ತರಬೇಕೆಂದು ಯೋಚಿಸಿದ್ದಾರೆ ಎಂದುಕೊಳ್ಳಿ. ಅವರು ಏನನ್ನು ನೋಡಿ ಕೊಳ್ಳಬೇಕು?

ಕಣ್ಣಿಗೆ ಕಾಣದ ವೇಗ

ಯಂತ್ರವನ್ನು ಆರಿಸುವ ಮುನ್ನ ಅದರ ವೇಗವನ್ನು ಅರಿಯಬೇಕು. ರೌಟರಿನ ಮೊನೆಗೆ ಬಿಟ್ ಎನ್ನುತ್ತಾರೆ. ಅದು ನಿಮಿಷಕ್ಕೆ ಸುಮಾರು 10,000ದಿಂದ 24,000 ಸುತ್ತು ತಿರುಗುತ್ತದೆ. 18,000 ಸುತ್ತು ಎಂದಿಟ್ಟುಕೊಂಡರೂ ಸೆಕೆಂಡಿಗೆ 300 ಸುತ್ತಾಯಿತು. ಬಿಟ್‌ಗೆ ಎರಡು ಅಲಗುಗಳಿದ್ದರೆ ಸೆಕೆಂಡಿಗೆ 600 ಕಡಿತ. ಕಣ್ಣು ಅಪಾಯವನ್ನು ಕಂಡು ಕೈ ಹಿಂದಕ್ಕೆ ಬರಲು ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ ಆ ಅಲಗುಗಳು 120 ಸಲ ಹಾದುಹೋಗಿರುತ್ತವೆ. 'ಹುಷಾರಾಗಿ ಕೆಲಸ ಮಾಡು' ಎಂಬ ಬುದ್ಧಿಮಾತೊಂದೇ ಇಲ್ಲಿ ಸಾಲದು.

ಇನ್ನೊಂದು ಲೆಕ್ಕವನ್ನು 9ನೇ ತರಗತಿಯ ವಿದ್ಯಾರ್ಥಿಯೂ ಮಾಡಬಹುದು. ಅಂಚಿನ ವೇಗವೆಂದರೆ ಪೈ, ವ್ಯಾಸ ಮತ್ತು ಸೆಕೆಂಡಿಗೆ ಸುತ್ತುಗಳ ಗುಣಲಬ್ಧ. 12 ಮಿ.ಮೀ. ವ್ಯಾಸದ ಬಿಟ್ 24,000 ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 54 ಕಿ.ಮೀ. ವೇಗದಲ್ಲಿ ಓಡುತ್ತದೆ. ಅದೇ ಸುತ್ತಿನಲ್ಲಿ 50 ಮಿ.ಮೀ. ಬಿಟ್ ಹಾಕಿದರೆ ಗಂಟೆಗೆ ಸುಮಾರು 226 ಕಿ.ಮೀ.! ಅಷ್ಟು ವೇಗದಲ್ಲಿ ದೊಡ್ಡ ಬಿಟ್ ನಡುಗುತ್ತದೆ, ಮರವನ್ನು ಸುಡುತ್ತದೆ. ಮುರಿದರೆ ಚೂರು ಗುಂಡಿನಂತೆ ಹಾರುತ್ತದೆ. ಆದುದರಿಂದ ವೇಗವನ್ನು ಕಡಿಮೆ ಮಾಡುವ ವ್ಯವಸ್ಥೆ ಇಲ್ಲದ ರೌಟರನ್ನು ಶಾಲೆಗೆ ತರಲೇಬಾರದು. ಪ್ರತಿ ಬಿಟ್‌ನ ಮೇಲೂ ಪೊಟ್ಟಣದ ಮೇಲೂ ಅದರ ಗರಿಷ್ಠ ವೇಗ ಬರೆದಿದೆಯೇ ಎಂದು ನೋಡಬೇಕು. ತೀರಾ ದೊಡ್ಡ ಬಿಟ್‌ಗಳು ಶಾಲೆಗೆ ಬೇಕಾಗಿಯೇ ಇಲ್ಲ.

ಕರೆಂಟ್ ಹೋಗಿ ಬಂದಾಗ

ಅಂಗಡಿಯವರು ಮೊದಲು ಹೇಳುವುದು ಮೋಟಾರಿನ ಶಕ್ತಿಯನ್ನು. ಶಾಲೆಯವರು ಮೊದಲು ಕೇಳಬೇಕಾದದ್ದು ಸ್ವಿಚ್ಚನ್ನು. ಹಳ್ಳಿಯ ಕಡೆ ಕರೆಂಟ್ ಹೇಳದೆ ಹೋಗುತ್ತದೆ, ಹೇಳದೆ ಬರುತ್ತದೆ. ಮರ ತಳ್ಳುತ್ತಿರುವಾಗ ಯಂತ್ರ ನಿಂತಿತು. ಹುಡುಗ ಸ್ವಿಚ್ ಆರಿಸಲು ಮರೆತು, ಬಿಟ್‌ಗೆ ಸಿಕ್ಕ ಚೂರನ್ನು ಬೆರಳಿನಿಂದ ಬಿಡಿಸತೊಡಗಿದ. ಅದೇ ಕ್ಷಣಕ್ಕೆ ಕರೆಂಟ್ ಬಂದರೆ? ಸಾಧಾರಣ ಸ್ವಿಚ್ ಇದ್ದ ಯಂತ್ರ ಯಾರ ಅಪ್ಪಣೆಗೂ ಕಾಯದೆ ತಿರುಗಿಬಿಡುತ್ತದೆ.

ಇದನ್ನು ತಡೆಯಲು ನೋ-ವೋಲ್ಟ್ ಸ್ವಿಚ್ ಎಂಬುದಿದೆ. ಇದರ ಒಳಗೆ ಒಂದು ವಿದ್ಯುತ್ಕಾಂತದ ಸುರುಳಿ ಇರುತ್ತದೆ. ಹಸಿರು ಗುಂಡಿ ಒತ್ತಿದಾಗ ಸಂಪರ್ಕ ಕೂಡುತ್ತದೆ. ಕೂಡಿದ ಸಂಪರ್ಕವನ್ನು ಆ ಕಾಂತ ಹಿಡಿದಿಡುತ್ತದೆ. ಕರೆಂಟ್ ಹೋದರೆ ಕಾಂತದ ಹಿಡಿತ ತಪ್ಪಿ, ಸ್ಪ್ರಿಂಗ್ ಸಂಪರ್ಕವನ್ನು ಬಿಡಿಸುತ್ತದೆ. ಕರೆಂಟ್ ಮರಳಿ ಬಂದರೂ ಯಾರಾದರೂ ಮತ್ತೆ ಹಸಿರು ಗುಂಡಿ ಒತ್ತುವವರೆಗೆ ಯಂತ್ರ ಅಲುಗುವುದಿಲ್ಲ. ಪಠ್ಯಪುಸ್ತಕದ ವಿದ್ಯುತ್ಕಾಂತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಇದನ್ನು ಪರೀಕ್ಷಿಸುವುದು ಸುಲಭ. ಬಿಟ್ ತೆಗೆದುಹಾಕಿ ಯಂತ್ರವನ್ನು ಚಾಲೂ ಮಾಡಿ. ಗೋಡೆಯ ಸ್ವಿಚ್ ಆರಿಸಿ, ಯಂತ್ರ ಪೂರ್ತಿ ನಿಂತ ಮೇಲೆ ಮತ್ತೆ ಹಾಕಿ. ಯಂತ್ರ ತಾನಾಗಿ ತಿರುಗಿದರೆ ಅದು ಶಾಲೆಗೆ ತಕ್ಕುದಲ್ಲ. ಜೊತೆಗೆ, ಕೆಂಪು ನಿಲುಗಡೆ ಗುಂಡಿ ದೊಡ್ಡದಾಗಿರಬೇಕು. ಎರಡೂ ಕೈ ಮರದ ಮೇಲಿದ್ದಾಗ ತೊಡೆಯಿಂದಲೋ ಮೊಣಕಾಲಿನಿಂದಲೋ ಒತ್ತುವಂತೆ ಮೇಜಿನ ಮುಂಭಾಗದಲ್ಲೇ ಇರಬೇಕು. ಬೀಗ ಹಾಕುವ ಸೌಕರ್ಯವಿದ್ದು, ಬೀಗದ ಕೈ ಶಿಕ್ಷಕರ ಬಳಿ ಇದ್ದರೆ ಇನ್ನೂ ಒಳ್ಳೆಯದು. ಗುಂಡಿ ಒತ್ತಿದ ಮೇಲೂ ಬಿಟ್ ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ ಎಂಬುದನ್ನು ಮಾತ್ರ ಮಕ್ಕಳಿಗೆ ಮರೆಯದೆ ಹೇಳಬೇಕು.

ಮೇಜು, ಆಸರೆಪಟ್ಟಿ, ಕವಚ

ಎರಡನೆಯ ಪ್ರಶ್ನೆ ಮೇಜಿನದು. ತೆಳು ತಗಡಿನ ಮೇಜು ಯಂತ್ರದ ಭಾರಕ್ಕೆ ನಡುವೆ ಜಗ್ಗುತ್ತದೆ, ಸದ್ದಿನೊಡನೆ ಕಂಪಿಸುತ್ತದೆ. ಉಕ್ಕಿನ ಉದ್ದನೆಯ ಅಳತೆಪಟ್ಟಿಯನ್ನು ಮೇಜಿನ ಮೇಲೆ ಅಡ್ಡಡ್ಡ ನಿಲ್ಲಿಸಿ, ಅಡಿಯಲ್ಲಿ ಬೆಳಕು ಕಾಣುತ್ತದೆಯೇ ನೋಡಿದರೆ ಸಾಕು. ಎರಕದ ಕಬ್ಬಿಣದ ಮೇಜು ಗಟ್ಟಿ, ಆದರೆ ತುಕ್ಕು ಹಿಡಿಯದಂತೆ ಒರೆಸಿಡಬೇಕು. ಎಂ.ಡಿ.ಎಫ್. ಹಲಗೆಯದಾದರೆ ಅಂಚುಗಳೆಲ್ಲ ಮುಚ್ಚಿರಬೇಕು. ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಉಬ್ಬುತ್ತದೆ. ಕಾಲುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕು.

ಮರವನ್ನು ಒರಗಿಸಿ ತಳ್ಳುವ ಆಸರೆಪಟ್ಟಿಗೆ ಫೆನ್ಸ್ ಎನ್ನುತ್ತಾರೆ. ಅದು ನೆಟ್ಟಗಿರಬೇಕು, ಬಿಗಿದ ಮೇಲೆ ಅಂಗೈಯಿಂದ ನೂಕಿದರೆ ಕದಲಬಾರದು. ಬಿಟ್‌ನ ಮೇಲೆ ಬೆರಳು ಹೋಗದಂತೆ ಪಾರದರ್ಶಕ ಕವಚ ಇರಬೇಕು. ಬಿಟ್ ಹೊರಬರುವ ರಂಧ್ರದ ಸುತ್ತ, ಬೇರೆ ಬೇರೆ ಅಳತೆಯ ಬಳೆಗಳು ಇರಬೇಕು. ಸಣ್ಣ ಬಿಟ್‌ಗೆ ದೊಡ್ಡ ರಂಧ್ರವಿದ್ದರೆ ಮರದ ತುದಿ ಅದರೊಳಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಮರವನ್ನು ಒತ್ತಿ ಹಿಡಿಯುವ ಹಲ್ಲುಪಟ್ಟಿ ಮತ್ತು ತಳ್ಳುವ ಹಿಡಿಕೆಗಳು ಯಂತ್ರದೊಂದಿಗೇ ಬರಬೇಕು. 'ಅವು ಆಮೇಲೆ ಕೊಂಡರಾಯಿತು' ಎಂದರೆ ಆ ಆಮೇಲೆ ಬಹುಮಟ್ಟಿಗೆ ಬರುವುದೇ ಇಲ್ಲ.

ಬಾಳಿಕೆಯ ಲೆಕ್ಕ

ಬೀದರಿನಿಂದ ಹೈದರಾಬಾದು ಸುಮಾರು 140 ಕಿ.ಮೀ., ಬೆಂಗಳೂರು ಸುಮಾರು 700 ಕಿ.ಮೀ. ಕೆಟ್ಟ ಯಂತ್ರವನ್ನು ಹೊತ್ತು ಅಷ್ಟು ದೂರ ಹೋಗುವವರು ಯಾರು? ಆದುದರಿಂದ ರಿಪೇರಿ ಎಲ್ಲಿ ಆಗುತ್ತದೆ, ಬಿಡಿಭಾಗ ಎಷ್ಟು ದಿನಕ್ಕೆ ಸಿಗುತ್ತದೆ ಎಂಬುದನ್ನು ಕೊಳ್ಳುವ ಮುನ್ನವೇ ಬರೆಸಿಕೊಳ್ಳಬೇಕು. ಈ ಮೋಟಾರುಗಳಲ್ಲಿ ಮೊದಲು ಸವೆಯುವುದು ಕಾರ್ಬನ್ ಬ್ರಷ್. ಅದನ್ನು ಹೊರಗಿನಿಂದಲೇ ಬದಲಿಸುವಂತಿರಬೇಕು. ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಬಿಟ್ ಹಿಡಿಯುವ ಭಾಗಕ್ಕೆ ಕಾಲೆಟ್ ಎಂದು ಹೆಸರು. ಬಿಟ್‌ನ ದಂಡ ಅದರೊಳಗೆ ಮುಕ್ಕಾಲು ಭಾಗವಾದರೂ ಇಳಿದಿರಬೇಕು; ಆದರೆ ತಳಕ್ಕೆ ತಾಗಿರಬಾರದು. ಕಾಲು ಅಂಗುಲದ ಬಿಟ್ಟನ್ನು 6 ಮಿ.ಮೀ. ಕಾಲೆಟ್‌ಗೆ ತುರುಕುವುದಾಗಲಿ, 6 ಮಿ.ಮೀ. ಬಿಟ್ಟನ್ನು ಕಾಲು ಅಂಗುಲದ ಕಾಲೆಟ್‌ನಲ್ಲಿ ಬಿಗಿಯುವುದಾಗಲಿ ಸಲ್ಲದು. ಎರಡರ ನಡುವೆ ಇರುವುದು 0.35 ಮಿ.ಮೀ. ಅಂತರ, ಬಿಟ್ ಜಾರಿ ಮೇಲೇರಲು ಅಷ್ಟು ಸಾಕು.

1,500 ವಾಟ್‌ನ ಯಂತ್ರ 230 ವೋಲ್ಟ್‌ನಲ್ಲಿ ಸುಮಾರು 6.5 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಫ್ಯಾನಿನ ಸಾಕೆಟ್ಟಿನಿಂದ ತೆಳು ತಂತಿ ಎಳೆಯಬಾರದು. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿತಗೊಳ್ಳುವ ಆರ್.ಸಿ.ಸಿ.ಬಿ.— ಈ ಮೂರೂ ಇಲ್ಲದ ಕೋಣೆಗೆ ಯಂತ್ರ ಬರಬಾರದು.

ಧೂಳಿನ ಮಾತನ್ನೂ ಮರೆಯುವಂತಿಲ್ಲ. ಮರದ ಧೂಳು ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಪ್ರಕಟಿಸಿತು. ಧೂಳು ಹೀರುವ ಕೊಳವೆ ಜೋಡಿಸುವ ಬಾಯಿ ಯಂತ್ರದಲ್ಲಿರಬೇಕು, ಹೀರುವ ಯಂತ್ರದ ಬೆಲೆಯನ್ನೂ ಲೆಕ್ಕದಲ್ಲಿ ಸೇರಿಸಬೇಕು. ರೌಟರಿನ ಸದ್ದು 90 ಡೆಸಿಬಲ್ ದಾಟುವುದು ಸಾಮಾನ್ಯ. ಕಣ್ಣಿಗೆ ಕನ್ನಡಕದಂತೆ ಕಿವಿಗೂ ರಕ್ಷೆ ಬೇಕು. ಕೈಗವಸು ಮಾತ್ರ ಬೇಡ. ಅದರ ಎಳೆ ಸಿಕ್ಕಿದರೆ ಕೈಯನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಇಳಿಬಿಟ್ಟ ವೇಲು, ಜಡೆ, ಬಳೆ, ಮಣಿಕಟ್ಟಿನ ದಾರ ಇವೆಲ್ಲಕ್ಕೂ ಇದೇ ಮಾತು.

ಯಾರು ನಡೆಸಬೇಕು?

ಒಳ್ಳೆಯ ಯಂತ್ರ ತಂದರೂ ತಿಳಿಯದ ಕೈಗೆ ಅದು ಅಪಾಯವೇ. ಮೇಜಿನಡಿಗೆ ಬಿಗಿದ ರೌಟರಿನ ಬಿಟ್, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಆದುದರಿಂದ ಆಸರೆಪಟ್ಟಿಗೆ ಎದುರಾಗಿ ನಿಂತವರು ಮರವನ್ನು ಬಲದಿಂದ ಎಡಕ್ಕೆ ತಳ್ಳಬೇಕು. ಆಗ ಬಿಟ್ ಮರವನ್ನು ಎದುರಿಸುತ್ತದೆ, ಹಿಡಿತ ನಮ್ಮದಾಗಿರುತ್ತದೆ. ಎಡದಿಂದ ಬಲಕ್ಕೆ ತಳ್ಳಿದರೆ ಬಿಟ್ ಮರವನ್ನು ಕಸಿದುಕೊಂಡು ಎಸೆಯುತ್ತದೆ. ಮರದ ಹಿಂದೆ ಕೈಯೂ ಹೋಗುತ್ತದೆ. ಬಿಟ್ ಮತ್ತು ಆಸರೆಪಟ್ಟಿಯ ನಡುವೆ ಮರ ತೂರಿಸಕೂಡದು. ಗೇಣುದ್ದದ ಚೂರನ್ನು ಬರಿಗೈಯಲ್ಲಿ ಹಿಡಿದು ಕೊರೆಯಕೂಡದು. ಉದ್ದನೆಯ ಹಲಗೆಯ ಅಂಚನ್ನು ಮೊದಲು ಕೊರೆದು ಆಮೇಲೆ ತುಂಡು ಮಾಡಿಕೊಳ್ಳಬೇಕು.

1948ರ ಕಾರ್ಖಾನೆ ಕಾಯಿದೆ ತನ್ನ 23ನೇ ಕಲಮಿನಲ್ಲಿ ಒಂದು ವಿವೇಕದ ಮಾತು ಹೇಳಿತ್ತು. ಅಪಾಯವನ್ನೂ ಎಚ್ಚರಿಕೆಯನ್ನೂ ಪೂರ್ತಿ ತಿಳಿಸದೆ, ಸಾಕಷ್ಟು ತರಬೇತಿಯೋ ಬಲ್ಲವರ ಮೇಲ್ವಿಚಾರಣೆಯೋ ಇಲ್ಲದೆ ಎಳೆಯರನ್ನು ಅಪಾಯಕರ ಯಂತ್ರದ ಮುಂದೆ ನಿಲ್ಲಿಸಬಾರದು ಎಂಬುದೇ ಅದು. ಕಾಯಿದೆ ಕಾರ್ಖಾನೆಗಾಗಿ ಬರೆದದ್ದು. ಆದರೆ ಶಾಲೆಯ ಮಗುವಿಗೆ ಅದಕ್ಕಿಂತ ಕಡಿಮೆ ರಕ್ಷಣೆ ಇರಬಹುದೇ? 6ರಿಂದ 8ನೇ ತರಗತಿಯವರಿಗೆ ಉಳಿ, ಗರಗಸ, ಕೊಡತಿ, ರಂದಾಗಳೇ ತಕ್ಕವು. ಮರದ ಎಳೆ ಯಾವ ಕಡೆ ಓಡುತ್ತದೆ, ಗಂಟು ಎಲ್ಲಿದೆ ಎಂಬುದನ್ನು ಕೈ ಕಲಿಯುವುದು ಅವುಗಳಿಂದಲೇ. ದೊಡ್ಡ ಮಕ್ಕಳು ಕೂಡ ಒಬ್ಬೊಬ್ಬರಾಗಿ, ಶಿಕ್ಷಕರು ಪಕ್ಕದಲ್ಲಿ ನಿಂತಿರುವಾಗ ಮಾತ್ರ ರೌಟರ್ ಟೇಬಲ್ ಮುಟ್ಟಬೇಕು.

ಶಿಕ್ಷಕರಿಗೂ ಕಲಿಕೆ ಬೇಕು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಯಂತ್ರಗಳ ಮೂಲಕ ಮರಗೆಲಸ ಕಲಿಸುವ ತರಬೇತಿ ಕೇಂದ್ರವನ್ನು ತೆರೆದಿದೆ. ಅಷ್ಟು ದೂರ ಆಗದಿದ್ದರೆ ಬೀದರಿನ ಸರ್ಕಾರಿ ಐ.ಟಿ.ಐ.ಗೆ ಹೋಗಿ, ಅಲ್ಲಿ ಯಂತ್ರಗಳಿಗೆ ಹಾಕಿರುವ ಕವಚ, ನೆಲದ ಗೆರೆ, ಸ್ವಿಚ್ಚುಗಳನ್ನು ನೋಡಿ ಬರಬಹುದು. ಊರಿನ ಅನುಭವಿ ಬಡಿಗರನ್ನು ಶಾಲೆಗೆ ಕರೆಸಿದರೆ ಮರದ ಪಾಠಕ್ಕೆ ಅವರಿಗಿಂತ ದೊಡ್ಡ ಗುರುಗಳಿಲ್ಲ.

ಪಾಲಕರ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು. ಕರೆಂಟ್ ಹೋಗಿ ಬಂದರೆ ಈ ಯಂತ್ರ ತಾನಾಗಿ ತಿರುಗುತ್ತದೆಯೇ? ಇದನ್ನು ನಡೆಸಲು ಕಲಿತ ಶಿಕ್ಷಕರು ಯಾರು? ಅವರು ರಜೆಯಲ್ಲಿದ್ದ ದಿನ ಬೀಗದ ಕೈ ಎಲ್ಲಿರುತ್ತದೆ? ಇವಕ್ಕೆ ಸರಿಯಾದ ಉತ್ತರ ಸಿಗುವ ಶಾಲೆಗೆ ಮಗುವನ್ನು ನಿಶ್ಚಿಂತೆಯಿಂದ ಕಳಿಸಬಹುದು. ಉತ್ತರ ಸಿಗದಿದ್ದರೆ ಆ ಹಣದಲ್ಲಿ ಈ ವರ್ಷ ಹತ್ತು ಒಳ್ಳೆಯ ಉಳಿಗಳನ್ನೂ ಒಂದು ಗಟ್ಟಿ ಕೆಲಸದ ಮೇಜನ್ನೂ ಕೊಳ್ಳಲಿ. ರೌಟರ್ ಟೇಬಲ್ ಮುಂದಿನ ವರ್ಷ ಬಂದರಾಯಿತು. ಮಕ್ಕಳು ಮಾಡಿದ ಮೊದಲ ಮಣೆಯ ಅಂಚು ಕೊಂಚ ಒರಟಾಗಿದ್ದರೆ ನಷ್ಟವೇನಿಲ್ಲ, ಅದನ್ನು ಮಾಡಿದ ಹತ್ತು ಬೆರಳೂ ಕ್ಷೇಮವಾಗಿ ಮನೆಗೆ ಬಂದರೆ ಸಾಕು.