ಚೌಕದಿಂದ ದುಂಡಿಗೆ: ಚಿಕ್ಕ ಹಾಯಿದೋಣಿಯ ಗಳೆಯನ್ನು ಕೈಯಿಂದ ರೂಪಿಸುವ ಕ್ರಮ

ಹಾಯಿದೋಣಿಯನ್ನು ಕುರಿತ ಶಾಸ್ತ್ರಗ್ರಂಥಗಳು ದೋಣಿಯ ಒಡಲಿನ ಆಕಾರವನ್ನೂ ಹಾಯಿಯ ಮೇಲೆ ಬೀಳುವ ಗಾಳಿಯ ಒತ್ತಡವನ್ನೂ ವಿಸ್ತಾರವಾಗಿ ಚರ್ಚಿಸುತ್ತವೆ. ಹಾಯಿಯನ್ನು ಹಿಡಿದು ಹರಡುವ ಮರದ ದಂಡಗಳು ಹೇಗೆ ಸಿದ್ಧವಾಗುತ್ತವೆ ಎಂಬ ಮಾತನ್ನು ಮಾತ್ರ ಬಡಗಿಗೆ ಬಿಟ್ಟುಬಿಡುತ್ತವೆ. ಬಡಗಿಯ ಸೂತ್ರಗಳೆಂದರೆ ಕೈರೂಢಿ, ಕಣ್ಣಂದಾಜು ಎಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು. ಪ್ರಸ್ತುತ ಲೇಖನದಲ್ಲಿ ನಾವು ಆ ಸೂತ್ರಗಳನ್ನೇ ತೆಗೆದುಕೊಂಡು ಸರಳವಾದ ರೇಖಾಗಣಿತದಿಂದ ಪರಿಶೀಲಿಸಿದ್ದೇವೆ. ಅವು ಅಂದಾಜುಗಳೇ ನಿಜ. ಆದರೆ ತಪ್ಪಿದರೆ ಯಾವ ಕಡೆಗೆ ತಪ್ಪಬೇಕೆಂಬುದನ್ನು ಅರಿತ ಅಂದಾಜುಗಳೆಂದು ಲೆಕ್ಕದಿಂದ ತಿಳಿದುಬರುತ್ತದೆ.

ಮೊದಲು ಹೆಸರುಗಳನ್ನು ನಿಶ್ಚಯಿಸಿಕೊಳ್ಳೋಣ. ದೋಣಿಯಲ್ಲಿ ನೆಟ್ಟಗೆ ನಿಲ್ಲುವುದು ಕೂವೆಮರ. ಹಾಯಿಯ ಕೆಳಗಣ ಅಂಚನ್ನು ಹಿಡಿಯುವುದು ಬೂಮು. ಹಾಯಿ ನಾಲ್ಕು ಮೂಲೆಯದಾದರೆ ಅದರ ಮೇಲಂಚನ್ನು ಹೊತ್ತು ಓರೆಯಾಗಿ ಮೇಲಕ್ಕೇರುವ ಇನ್ನೊಂದು ದಂಡವುಂಟು; ಅದನ್ನು ಮೇಲ್ಗಳೆ ಎನ್ನೋಣ. ಮೂರಕ್ಕೂ ಸಾಮಾನ್ಯವಾಗಿ ಗಳೆ ಎಂಬ ಪದವನ್ನು ಬಳಸುತ್ತೇವೆ. ಬ್ರಿಟನ್ನಿನ ಚಿಕ್ಕ ದೋಣಿಗಳಲ್ಲಿ ಮೇಲ್ಗಳೆಯ ಹಾಯಿ ಬಹುಕಾಲದಿಂದ ರೂಢಿಯಲ್ಲಿದೆ. 1960ರ ದಶಕದ ಆರಂಭದಲ್ಲಿ ಅಲ್ಲಿ ಬಳಕೆಗೆ ಬಂದು, ಮನೆಯಲ್ಲಿಯೇ ದೋಣಿ ಕಟ್ಟಿಕೊಳ್ಳುವವರಿಗೆ ಪ್ರಿಯವಾದ ಮಿರರ್ ಎಂಬ ದೋಣಿಯಲ್ಲಿ ಮೇಲ್ಗಳೆಯು ಕೂವೆಮರಕ್ಕೆ ಬಹುಮಟ್ಟಿಗೆ ಸಮಾನಾಂತರವಾಗಿ ನಿಂತು ಅದನ್ನೇ ಎತ್ತರಿಸುತ್ತದೆ. ಆದಕಾರಣ ಗಳೆಗಳೆಲ್ಲ ಗಿಡ್ಡವಾಗಿ, 3.3 ಮೀಟರು ಉದ್ದದ ದೋಣಿಯೊಳಗೆಯೇ ಅವನ್ನು ಇಟ್ಟು ಸಾಗಿಸಲು ಸಾಧ್ಯವಾಯಿತು. ಮುಂದಿನ ದಶಕಗಳಲ್ಲಿ ಕಾರ್ಖಾನೆಯ ದೋಣಿಗಳು ಅಲ್ಯೂಮಿನಿಯಮ್ ಮತ್ತು ಕಾರ್ಬನ್ ನಾರಿನ ಗಳೆಗಳಿಗೆ ತಿರುಗಿದರೂ ಕೈಯಿಂದ ದೋಣಿ ಕಟ್ಟುವವರು ಮರವನ್ನು ಬಿಟ್ಟಿಲ್ಲ.

ಗಳೆಯು ತುದಿಯೆಡೆಗೆ ಸಪುರವಾಗಬೇಕಾದುದೇಕೆ? ನಮ್ಮ ಉದಾಹರಣೆಗಾಗಿ 3 ಮೀಟರು ಉದ್ದದ, ನಡುವಿನಲ್ಲಿ 50 ಮಿಲಿಮೀಟರು ವ್ಯಾಸದ, ಎರಡು ತುದಿಗಳಲ್ಲಿ 30 ಮಿಲಿಮೀಟರು ವ್ಯಾಸದ ಮೇಲ್ಗಳೆಯನ್ನು ತೆಗೆದುಕೊಳ್ಳೋಣ. ಹಗ್ಗದಿಂದ ಮೇಲಕ್ಕೆ ಎಳೆದು ಕಟ್ಟಿದ ಜಾಗದಲ್ಲಿ ಬಾಗಿಸುವ ಬಲ ಅತ್ಯಧಿಕ. ತುದಿಯಲ್ಲಿ ಅದು ಶೂನ್ಯ. ತುದಿಯಲ್ಲಿ ದಪ್ಪವಾಗಿರುವ ಮರ ದುಡಿಯುವುದಿಲ್ಲ, ತೂಗುತ್ತದೆ ಅಷ್ಟೆ. ಸಮದಪ್ಪದ ಗಳೆಯನ್ನು ಸ್ಪ್ರೂಸ್ ಮರದಿಂದ ಮಾಡಿದರೆ ಸುಮಾರು 2.5 ಕಿಲೋಗ್ರಾಮ್ ತೂಗೀತು. ಮೇಲಿನ ಅಳತೆಗೆ ಸಪುರಗೊಳಿಸಿದರೆ 1.9. ಉಳಿದ ಅರ್ಧ ಕಿಲೋವಿಗೂ ಮೇಲ್ಪಟ್ಟ ತೂಕ ಅತ್ಯಲ್ಪವೆಂದು ತೋರಬಹುದು. ಆದರೆ ಅದು ಇರುವುದು ನೀರಿನಿಂದ ಮೂರು ನಾಲ್ಕು ಮೀಟರು ಎತ್ತರದಲ್ಲಿ. ದೋಣಿ ವಾಲಿದಾಗಲೆಲ್ಲ ಅದನ್ನು ಇನ್ನಷ್ಟು ವಾಲಿಸುವ ಸನ್ನೆಯಾಗಿ ಕೆಲಸಮಾಡುತ್ತದೆ.

ಸಪುರತೆಯ ರೇಖೆ ಹೇಗಿರಬೇಕು? ಸಿದ್ಧಾಂತ ಒಂದು ಉತ್ತರವನ್ನು ಕೊಡುತ್ತದೆ. ಹೊರೆ ಉದ್ದಕ್ಕೂ ಸಮನಾಗಿ ಹರಡಿದೆಯೆಂದೂ ಎಲ್ಲೆಡೆಯೂ ಮರಕ್ಕೆ ಸಮಾನ ಶ್ರಮ ಬೀಳಬೇಕೆಂದೂ ಭಾವಿಸಿದರೆ, ನಡುವಿನಿಂದ ತುದಿಯವರೆಗಿನ ಅರ್ಧವನ್ನು ನಾಲ್ಕು ಪಾಲು ಮಾಡಿದಾಗ ವ್ಯಾಸಗಳು 50, 41, 31, 20 ಎಂದು ಇಳಿದು ತುದಿಯಲ್ಲಿ ಸೊನ್ನೆಯಾಗುತ್ತವೆ. ಯಾವ ನಾವಿಕನೂ ಇದನ್ನು ಒಪ್ಪಲಾರ. 1794ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಸ್ಟೀಲ್ ಎಂಬಾತ ಪ್ರಕಟಿಸಿದ ಹಡಗುಸಜ್ಜಿನ ಗ್ರಂಥದಲ್ಲಿ ದೊಡ್ಡ ಹಡಗಿನ ಅಡ್ಡಗಳೆಗಳಿಗೆ ಇದೇ ನಾಲ್ಕು ಸ್ಥಾನಗಳಲ್ಲಿ ನಡುವ್ಯಾಸದ 30/31, 7/8, 7/10, 3/7 ಎಂಬ ಪ್ರಮಾಣಗಳಿವೆ. ನಮ್ಮ ಗಳೆಗೆ ಅನ್ವಯಿಸಿದರೆ 48, 44, 35, 21 ಮಿಲಿಮೀಟರು ಬರುತ್ತದೆ. ಸಿದ್ಧಾಂತದ ರೇಖೆಗಿಂತ ಇದು ಎಲ್ಲೆಡೆಯೂ ತುಂಬಿಕೊಂಡಿದೆ. ಮುರಿಯದಿದ್ದರೆ ಸಾಲದು, ಬಾಗಿ ಹಾಯಿಯ ಆಕಾರವನ್ನೂ ಕೆಡಿಸಬಾರದು ಎಂಬುದು ಇದರ ತಾತ್ಪರ್ಯ. ಚಿಕ್ಕ ದೋಣಿಯಲ್ಲಿ 21 ಮಿಲಿಮೀಟರಿನ ತುದಿಗೆ ಹಾಯಿಯ ಮೂಲೆಯನ್ನು ಬಿಗಿಯುವ ಹಗ್ಗದ ತೂತನ್ನು ಕೊರೆದರೆ ಉಳಿಯುವುದು ಬಹಳ ಕಡಿಮೆ. ಆದುದರಿಂದ ನಾವು 30ನ್ನು ಇಟ್ಟುಕೊಂಡಿದ್ದೇವೆ. ಒಟ್ಟು ಇಳಿಯಬೇಕಾದ 20 ಮಿಲಿಮೀಟರಿನಲ್ಲಿ ಮೊದಲ ಸ್ಥಾನಕ್ಕೆ 1/16, ಎರಡನೆಯದಕ್ಕೆ 4/16, ಮೂರನೆಯದಕ್ಕೆ 9/16 ಭಾಗವನ್ನು ಕಳೆದರೆ 48.75, 45, 38.75 ಎಂಬ ಸುಲಭವಾದ ಪರವಲಯ ರೇಖೆ ದೊರೆಯುತ್ತದೆ.

ಮರದ ಆಯ್ಕೆಯ ವಿಷಯದಲ್ಲಿ ಪಶ್ಚಿಮದವರು ಮೆಚ್ಚುವುದು ಸಿಟ್ಕಾ ಸ್ಪ್ರೂಸ್. ಉತ್ತರ ಅಮೆರಿಕದ ಶಾಂತಸಾಗರದ ಅಂಚಿನಲ್ಲಿ ಬೆಳೆಯುವ ಈ ಮರ ತೂಕಕ್ಕೆ ತಕ್ಕುದಕ್ಕಿಂತ ಹೆಚ್ಚು ಬಿಗಿಯುಳ್ಳದ್ದು. ಎರಡು ಮಹಾಯುದ್ಧಗಳ ಕಾಲದಲ್ಲಿ ವಿಮಾನಗಳಿಗೂ ಒದಗಿತು. ನಮ್ಮ ನಾಡಿಗೂ ಈ ವಿಷಯದಲ್ಲಿ ಒಂದು ನಂಟುಂಟು. ಇಂಗ್ಲಿಷ್ ನಾವಿಕರು ಕೂವೆಮರಕ್ಕಾಗಿ ಕೊಳ್ಳುತ್ತಿದ್ದ 'ಪೂನ್' ಎಂಬ ಮರ ಪಶ್ಚಿಮ ಘಟ್ಟದ, ಅದರಲ್ಲಿಯೂ ಕನ್ನಡ ಕರಾವಳಿಯ ಮೇಲಿನ ಕಾಡುಗಳದು. ಆ ಹೆಸರು ನಮ್ಮ 'ಪೊನ್ನೆ', ತಮಿಳಿನ 'ಪುನ್ನೈ' ಎಂಬ ರೂಪಗಳಿಂದ ಹೋದದ್ದು. ಪಕಾರ ಹಕಾರವಾಗಿ ನಮ್ಮಲ್ಲಿ ಅದು ಈಗ ಹೊನ್ನೆ. (ಬಾಗಿಲು, ಪೆಟ್ಟಿಗೆಗಳಿಗೆ ಬಳಸುವ ಹೊನ್ನೆ ಬೇರೆಯೇ ಮರ, ಇಲ್ಲಿ ಹೇಳುತ್ತಿರುವುದು ಸುರಹೊನ್ನೆಯ ಬಳಗ.) ನೇರವಾಗಿ ಎತ್ತರಕ್ಕೆ ಬೆಳೆಯುವ ಗುಣವೇ ಅದಕ್ಕೆ ಆ ಮನ್ನಣೆಯನ್ನು ತಂದಿತು, ಸ್ಪ್ರೂಸಿಗಿಂತ ಅದು ಭಾರ.

ಜಾತಿಗಿಂತಲೂ ಮುಖ್ಯವಾದುದು ನಾರಿನ ಓಟ. ನಾರು ಗಳೆಯ ಉದ್ದಕ್ಕೆ ಸಮಾನಾಂತರವಾಗಿರದೆ ಓರೆಯಾಗಿ ಹೊರಬಿದ್ದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ವೇಗವಾಗಿ ಕುಗ್ಗುತ್ತದೆ: 20ಕ್ಕೆ 1ರ ಓರೆಯಲ್ಲಿ ಶೇಕಡ 93ರಷ್ಟು, 10ಕ್ಕೆ 1ರಲ್ಲಿ 81ರಷ್ಟು, 5ಕ್ಕೆ 1ರಲ್ಲಿ 55ರಷ್ಟು ಮಾತ್ರ ಉಳಿಯುತ್ತದೆ. ಸಪುರಗೊಳಿಸುವಾಗ ನಾವೇ ನಾರನ್ನು ಕತ್ತರಿಸುವುದಿಲ್ಲವೇ ಎಂದು ಓದುಗರು ಕೇಳಬಹುದು. ಕತ್ತರಿಸುತ್ತೇವೆ, ಆದರೆ ನಮ್ಮ ಗಳೆಯ ತುದಿಯಲ್ಲಿ, ರೇಖೆ ಅತ್ಯಂತ ಕಡಿದಾಗಿರುವಲ್ಲಿಯೂ, ಆ ಓರೆ 75ಕ್ಕೆ 1 ಮಾತ್ರ. ಆದಕಾರಣ ಭಯಪಡಬೇಕಾದುದು ನಮ್ಮ ಉಜ್ಜುಗೊರಡಿಗಲ್ಲ, ಮರದಂಗಡಿಯಲ್ಲಿ ನೋಡದೆ ಕೊಂಡ ತುಂಡಿಗೆ. ದಡದಿಂದ ದೂರದಲ್ಲಿ ಮೇಲ್ಗಳೆ ಮುರಿದರೆ ಹಾಯಿ ಒಮ್ಮೆಗೇ ಮೇಲೆ ಬೀಳುತ್ತದೆ. ಒಂಟಿಯಾಗಿ ಹೋದವನಿಗೆ ಹುಟ್ಟೊಂದೇ ಗತಿ.

ಇನ್ನು ಕೆಲಸದ ಕ್ರಮ. ತುಂಡನ್ನು ಮೊದಲು ನಾಲ್ಕೂ ಮಗ್ಗುಲು ಸಮನಾದ 50 ಮಿಲಿಮೀಟರಿನ ಚೌಕವಾಗಿ ಮಾಡಿ ಕೆಲವು ದಿನ ಬಿಟ್ಟಿಡುವುದು ಒಳ್ಳೆಯದು. ಒಳಗೆ ಬಿಗುಪಿದ್ದರೆ ಅಷ್ಟರಲ್ಲಿ ಮರ ತಾನಾಗಿ ಬಾಗಿ ತನ್ನ ಗುಣವನ್ನು ತೋರಿಸುತ್ತದೆ. ಬಳಿಕ ದಾರವನ್ನು ಬಿಗಿದು ನಡುಗೆರೆಯನ್ನು ಎಳೆದು, ಹೇಳಿದ ಸ್ಥಾನಗಳಲ್ಲಿ ಅಗಲಗಳನ್ನು ಗುರುತಿಸಿ, ಬಳುಕುವ ತೆಳುವಾದ ಮರದ ಪಟ್ಟಿಯನ್ನು ಆ ಗುರುತುಗಳ ಮೇಲೆ ಬಾಗಿಸಿ ರೇಖೆಯನ್ನು ಬರೆಯಬೇಕು. ಎರಡು ಮಗ್ಗುಲನ್ನು ಗೆರೆಯವರೆಗೆ ಇಳಿಸಿದ ಮೇಲೆ, ಹೊಸದಾಗಿ ತೆರೆದ ಮುಖಗಳ ಮೇಲೆ ಮತ್ತೆ ನಡುಗೆರೆಯೆಳೆದು ಉಳಿದೆರಡನ್ನು ಇಳಿಸಬೇಕು. ಉಜ್ಜುಗೊರಡು ಯಾವಾಗಲೂ ನಡುವಿನಿಂದ ತುದಿಯ ಕಡೆಗೆ, ದಪ್ಪದಿಂದ ಸಪುರಕ್ಕೆ ಓಡಬೇಕು. ಎದುರಾಗಿ ಓಡಿದರೆ ಕತ್ತರಿಸಿದ ನಾರಿನ ಕೊನೆಗಳು ಎದ್ದು ಸಿಗಿಯುತ್ತವೆ. ಈ ಹಂತದಲ್ಲಿ ಗಳೆ ಇನ್ನೂ ಚೌಕವೇ. ಆದರೆ ಸಪುರವಾದ ಚೌಕ. ದುಂಡು ಮಾಡುವ ಮೊದಲು ಸಪುರತೆಯನ್ನು ಮುಗಿಸಿಬಿಡುವುದೇ ಈ ಪದ್ಧತಿಯ ಜಾಣ್ಮೆ. ಬೇಲೂರಿನ ಕಂಬಗಳಂತೆ ತಿರುಗಿಸಿ ಕಡೆದುಬಿಡಬಾರದೇ ಎಂದರೆ, ಇಷ್ಟು ಉದ್ದದ ತೆಳುವಾದ ಮರ ಲೇತಿನಲ್ಲಿ ಬಳುಕಿ ಅದುರುತ್ತದೆ.

ಚೌಕದಿಂದ ದುಂಡಿಗೆ ಹೋಗುವ ದಾರಿ ಎಂಟುಪಟ್ಟೆಯ ಮೂಲಕ. ಚೌಕದ ಅಗಲ 1 ಆದರೆ ನಾಲ್ಕು ಮೂಲೆಗಳನ್ನು ತೆಗೆದು ಸಮವಾದ ಎಂಟುಪಟ್ಟೆಯನ್ನು ಪಡೆಯಲು ಪ್ರತಿ ಅಂಚಿನಿಂದ 0.2929 ದೂರದಲ್ಲಿ ಗೆರೆಯೆಳೆಯಬೇಕು. ಬಡಗಿ ಇದನ್ನು 7, 10, 7 ಎಂದು ನೆನಪಿಡುತ್ತಾನೆ: ಅಗಲವನ್ನು 24 ಭಾಗ ಮಾಡಿ, ಎರಡು ಕಡೆಯಿಂದಲೂ 7ರಲ್ಲಿ ಗೆರೆ. 7/24 ಎಂದರೆ 0.2917, ನಿಜವಾದ ಬೆಲೆಗಿಂತ 0.0012 ಕಡಿಮೆ. 50 ಮಿಲಿಮೀಟರಿನಲ್ಲಿ ಇದು ಪೆನ್ಸಿಲ್ಲಿನ ಗೆರೆಯ ದಪ್ಪಕ್ಕಿಂತ ಚಿಕ್ಕದು. ಆದರೆ 5, 7, 5 ಎಂಬ ಇನ್ನೂ ಸರಳವಾದ ಸೂತ್ರವಿತ್ತಲ್ಲ? 5/17 ಎಂದರೆ 0.2941, ತಪ್ಪಿನ ಪ್ರಮಾಣ ಹೆಚ್ಚು ಕಡಿಮೆ ಅದೇ 0.0012. ವ್ಯತ್ಯಾಸವಿರುವುದು ದಿಕ್ಕಿನಲ್ಲಿ. 5, 7, 5 ಮೂಲೆಯನ್ನು ಒಂದಿಷ್ಟು ಹೆಚ್ಚು ತಿನ್ನುತ್ತದೆ. 7, 10, 7 ಒಂದಿಷ್ಟು ಉಳಿಸುತ್ತದೆ. ಗಳೆಯ ಬಿಗಿ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ 30 ಮಿಲಿಮೀಟರಿನ ತುದಿಯಲ್ಲಿ ಒಂದೇ ಮಿಲಿಮೀಟರು ಹೆಚ್ಚಾಗಿ ಹೋದರೆ ಶೇಕಡ 12ಕ್ಕೂ ಮೇಲ್ಪಟ್ಟು ಬಿಗಿ ಹೋಗುತ್ತದೆ.

ಅಗಲ ಪ್ರತಿ ಸ್ಥಾನದಲ್ಲಿಯೂ ಬದಲಾಗುವ ಗಳೆಯ ಮೇಲೆ ಈ ಗೆರೆಯನ್ನು ಎಳೆಯಲು ಒಂದು ಸಾಧನವುಂಟು. ಗೀರುಹಲಗೆ ಎಂದು ಕರೆಯೋಣ. ಚಿಕ್ಕ ಮರದ ಪಟ್ಟಿಯ ಎರಡು ಕೊನೆಗಳಲ್ಲಿ ಕೆಳಮುಖವಾಗಿ ಎರಡು ಗೂಟಗಳು. ಅವುಗಳ ಒಳಮೈಗಳ ನಡುವಣ ಅಂತರ ಗಳೆಯ ಅತಿ ಹೆಚ್ಚಿನ ಅಗಲಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ನಮ್ಮಲ್ಲಿ 51 ಮಿಲಿಮೀಟರು. ಆ ಅಂತರವನ್ನು 24 ಭಾಗ ಮಾಡಿ 7 ಮತ್ತು 17ರಲ್ಲಿ ಎರಡು ಪೆನ್ಸಿಲ್ ತುಂಡುಗಳು. ಹಲಗೆಯನ್ನು ಗಳೆಯ ಮೇಲಿಟ್ಟು, ಎರಡು ಗೂಟಗಳೂ ಮಗ್ಗುಲುಗಳಿಗೆ ತಾಗುವಂತೆ ತಿರುಚಿ ಹಿಡಿದು ಎಳೆದುಕೊಂಡು ಹೋಗುವುದು. ಗಳೆ ಸಪುರವಾದಂತೆ ಹಲಗೆ ಇನ್ನಷ್ಟು ಓರೆಯಾಗುತ್ತದೆ. ಗೆರೆಗಳು ತಾವಾಗಿ ಹತ್ತಿರವಾಗುತ್ತವೆ. ಲೆಕ್ಕ, ಅಳತೆ ಯಾವುದೂ ಬೇಡ.

ಈ ಸಾಧನ ಎಲ್ಲೆಡೆಯೂ ಪ್ರಮಾಣವನ್ನು ಸರಿಯಾಗಿ ಉಳಿಸುತ್ತದೆಯೆಂದು ಸಾಮಾನ್ಯವಾಗಿ ಹೇಳುವುದುಂಟು. ಪರಿಶೀಲಿಸಿದರೆ ಇದು ಪೂರ್ಣ ಸತ್ಯವಲ್ಲ. ಹಲಗೆ ಓರೆಯಾದಾಗ ಗೂಟಗಳ ಮತ್ತು ಪೆನ್ಸಿಲ್ಲುಗಳ ಕೇಂದ್ರಗಳ ನಡುವಣ ದೂರಗಳು ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಗೂಟದ ದಪ್ಪ ಮಾತ್ರ ಕುಗ್ಗುವುದಿಲ್ಲ. ಗೂಟದ ವ್ಯಾಸ 6 ಮಿಲಿಮೀಟರು ಎಂದಿಟ್ಟುಕೊಂಡರೆ, ನಮ್ಮ ಗಳೆಯ 30 ಮಿಲಿಮೀಟರಿನ ತುದಿಯಲ್ಲಿ ಪ್ರತಿ ಗೆರೆಯೂ ಇರಬೇಕಾದಲ್ಲಿಗಿಂತ ಅರ್ಧ ಮಿಲಿಮೀಟರಿನಷ್ಟು ಅಂಚಿನ ಕಡೆಗೆ ಸರಿದಿರುತ್ತದೆ. ಅಂಚಿನ ಕಡೆಗೆ ಸರಿಯುವುದೆಂದರೆ ಮರ ಉಳಿಯುವುದು. ತಪ್ಪು ಮತ್ತೆ ಸುರಕ್ಷಿತ ದಿಕ್ಕಿನಲ್ಲಿಯೇ ಇದೆ. ಆದರೆ ಇದಕ್ಕೊಂದು ಷರತ್ತುಂಟು: ಹಲಗೆಯನ್ನು ಗಳೆಯ ಅತಿ ದಪ್ಪ ಜಾಗಕ್ಕೆ ಹೊಂದಿಸಿ ಮಾಡಿರಬೇಕು. ಹಲಗೆಯನ್ನು ಓರೆಯಾಗಿ ತುದಿಯ ಮೇಲಿಟ್ಟು, ಅಲ್ಲಿ ಸರಿಬರುವಂತೆ ಪೆನ್ಸಿಲ್ಲುಗಳನ್ನು ಕೂರಿಸಿದರೆ, ನಡುವಿನಲ್ಲಿ ಗೆರೆಗಳು 0.7 ಮಿಲಿಮೀಟರು ಒಳಗೆ ಬಿದ್ದು, ಬಾಗುವ ಬಲ ಅತ್ಯಧಿಕವಾಗಿರುವಲ್ಲಿಯೇ ಪ್ರತಿ ಪಟ್ಟೆಯೂ ಅರ್ಧ ಮಿಲಿಮೀಟರು ಆಳಕ್ಕೆ ಇಳಿಯುತ್ತದೆ. ದೊಡ್ಡ ದೋಣಿಗೆ ಮಾಡಿದ ಹಲಗೆಯನ್ನು ಚಿಕ್ಕ ದೋಣಿಯ ಗಳೆಗೆ ಬಳಸಬಹುದು, ಮರ ಒಂದಿಷ್ಟು ಹೆಚ್ಚು ಉಳಿದೀತು. ಗೂಟದ ಬದಲು ತೆಳುವಾದ ಮೊಳೆಯನ್ನು ಹಾಕಿದರೆ ಈ ವ್ಯತ್ಯಾಸ ಮೊಳೆಯ ದಪ್ಪಕ್ಕೆ ಅನುಗುಣವಾಗಿ ಇಳಿಯುತ್ತದೆ.

ಇಷ್ಟು ವಿಸ್ತಾರವಾಗಿ ಈ ಹಂತವನ್ನು ಚರ್ಚಿಸಲು ಕಾರಣವಿದೆ. ಚೌಕದಿಂದ ದುಂಡಿಗೆ ಹೋಗುವಾಗ ಒಟ್ಟು ತೆಗೆಯುವ ಮರದಲ್ಲಿ ಶೇಕಡ 80ರಷ್ಟು ಎಂಟುಪಟ್ಟೆಯಾಗುವಷ್ಟರಲ್ಲಿಯೇ ಹೋಗಿರುತ್ತದೆ. ಇದಕ್ಕಾಗಿ ಗಳೆಯನ್ನು ಕಚ್ಚು ಕೊರೆದ ಆಧಾರಗಳಲ್ಲಿ ಮೂಲೆ ಮೇಲಾಗಿ ಕೂರಿಸಿ, ಗೆರೆಯಿಂದ ಗೆರೆಗೆ ಉಜ್ಜಬೇಕು. ಎರಡು ಗೆರೆಗಳೂ ಒಟ್ಟಿಗೆ ಮಾಯವಾಗುವ ಹೊತ್ತಿಗೆ ನಿಲ್ಲಿಸಬೇಕು.

ಹದಿನಾರು ಪಟ್ಟೆಗೆ ಹಲಗೆ ಬೇಕಿಲ್ಲ. ಪ್ರತಿ ಪಟ್ಟೆಯ ಅಗಲದಲ್ಲಿ ಎರಡು ಅಂಚಿನಿಂದಲೂ ಕಾಲುಭಾಗದಲ್ಲಿ ಕೈಯಿಂದಲೇ ಗೆರೆಯೆಳೆಯುತ್ತಾರೆ. ನಿಜವಾಗಿ ಬೇಕಾದುದು ಕಾಲು ಅಲ್ಲ, 0.260. ಮೂವತ್ತೆರಡು ಪಟ್ಟೆಗೆ ಬೇಕಾದುದು 0.252. ಮುಂದೆ ಎಷ್ಟು ಸಲ ಇಮ್ಮಡಿಸಿದರೂ ಈ ಸಂಖ್ಯೆ ಕಾಲಿಗೆ ಹತ್ತಿರವಾಗುತ್ತ ಹೋಗುತ್ತದೆಯೇ ಹೊರತು ಅದಕ್ಕಿಂತ ಕೆಳಗಿಳಿಯುವುದಿಲ್ಲ. ಎಂದರೆ ಕಾಲುಭಾಗದ ಸೂತ್ರ ಎಂದಿಗೂ ಹೆಚ್ಚು ಮರವನ್ನು ತೆಗೆಯಲಾರದು. 50 ಮಿಲಿಮೀಟರಿನ ಗಳೆಯಲ್ಲಿ ಬೇಕಾದ ದುಂಡಿನಿಂದ ಹೊರಚಾಚಿದ ಏಣು ಚೌಕದಲ್ಲಿ 10.4 ಮಿಲಿಮೀಟರು, ಎಂಟುಪಟ್ಟೆಯಲ್ಲಿ 2.1, ಹದಿನಾರರಲ್ಲಿ 0.5, ಮೂವತ್ತೆರಡರಲ್ಲಿ 0.12. ಕೊನೆಯದು ಅಂಗೈಗೆ ತಿಳಿಯುತ್ತದೆ, ಕಣ್ಣಿಗೆ ಅಷ್ಟಾಗಿ ತೋರದು.

ಇದೇ ಶ್ರೇಣಿ ನಮ್ಮ ವಾಸ್ತುಗ್ರಂಥದಲ್ಲಿಯೂ ಕಾಣುವುದು ಕುತೂಹಲಕರ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಕಂಬಗಳಿಗೆ ಹೇಳಿದ ಹೆಸರುಗಳು ಐದು: ಚೌಕವಾದುದು ರುಚಕ, ಎಂಟುಪಟ್ಟೆಯದು ವಜ್ರ, ಹದಿನಾರರದು ದ್ವಿವಜ್ರ, ಮೂವತ್ತೆರಡರದು ಪ್ರಲೀನಕ, ದುಂಡಾದುದು ವೃತ್ತ. ಹಾಯಿಯ ಗಳೆಗೂ ಗುಡಿಯ ಕಂಬಕ್ಕೂ ಸಂಬಂಧ ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಉಳಿ ಹಿಡಿದವನಿಗೆ ಮೂಲೆಯನ್ನು ಅರೆದು ಅರೆದು ಹೋಗುವುದಲ್ಲದೆ ದುಂಡಿಗೆ ಬೇರೆ ದಾರಿ ಎಲ್ಲಿಯೂ ಸುಲಭವಾಗಿರಲಿಲ್ಲ. ಕಂಬದಲ್ಲಿ ಐದೂ ಐದು ನಿಲುಗಡೆಗಳು. ಗಳೆಯಲ್ಲಿ ಅವೇ ಒಂದು ಮಧ್ಯಾಹ್ನದ ಹಂತಗಳು.

ಮೂವತ್ತೆರಡರ ಮೇಲೆ ಉಪ್ಪುಕಾಗದದ ಸರದಿ. ಅದನ್ನು ಉದ್ದವಾದ ಪಟ್ಟಿಯಾಗಿ ಗಳೆಗೆ ಬಳಸಿ ಎರಡು ಕೈಯಿಂದಲೂ ಮೊದಲು ಅಡ್ಡಲಾಗಿ ಎಳೆದು, ಕೊನೆಯಲ್ಲಿ ನಾರಿನ ಉದ್ದಕ್ಕೆ ಉಜ್ಜಬೇಕು. ವಾರ್ನಿಷಿನ ಮೊದಲ ಕೋಟನ್ನು ತೆಳುವಾಗಿಸಿ ಬಳಿದರೆ ಮರ ಕುಡಿಯುತ್ತದೆ. ತುದಿಗಳ ಅಡ್ಡಕೊಯ್ತಕ್ಕೆ ಮತ್ತು ತೂತುಗಳ ಒಳಮೈಗೆ ಇನ್ನೆರಡು ಕೋಟು ಹೆಚ್ಚು ಬೇಕು, ನೀರು ಒಳಹೋಗುವುದು ಅಲ್ಲಿಂದಲೇ. ಮೇಲ್ಗಳೆಯು ಕೂವೆಮರಕ್ಕೆ ತಗುಲಿ ಉಜ್ಜುವ ಜಾಗಕ್ಕೆ ತೊಗಲನ್ನು ನೆನೆಸಿ ಸುತ್ತಿ ಹೊಲಿಯುವುದು ವಾಡಿಕೆ. ಒಣಗಿದಾಗ ಅದು ಬಿಗಿದುಕೊಳ್ಳುತ್ತದೆ. ಹೊಲಿಗೆಯ ಸಾಲು ಕೂವೆಮರದ ಕಡೆಗೆ ಬೀಳದಂತೆ ನೋಡಿಕೊಳ್ಳಬೇಕು. ಬಿದ್ದರೆ ದಾರ ಬೇಗ ಸವೆಯುತ್ತದೆ.