ವ್ಯಾನಿನ ತಲೆ ಮೇಲೆ ಎಸಿ, ಮಾಳಿಗೆ ಮೇಲೆ ಗವಾಕ್ಷಿ

ಪಾವಗಡ, ಮಧುಗಿರಿ ಕಡೆಯ ಹಳೇ ಮಾಳಿಗೆ ಮನೆ ಒಳಗೆ ಹೋಗಿದ್ದೀರಾ? ಅಡುಗೆಮನೆ ಸೂರಲ್ಲಿ ಗವಾಕ್ಷಿ ಇರುತ್ತೆ. ಸೂರಿಗೇ ತೂತು, ಆದ್ರೂ ಮಾಳಿಗೆ ಮೇಲೆ ಹರಿಯೋ ನೀರು ಒಳಗೆ ಇಳಿಯಲ್ಲ. ತೂತಿನ ಸುತ್ತ ಕಟ್ಟೆ ಎತ್ತರಿಸಿರ್ತಾರೆ, ಜೋರು ಮಳೆ ಬಂದ್ರೆ ಮೇಲೆ ಚಪ್ಪಡಿ ಮುಚ್ಚುತ್ತಾರೆ. ಕ್ಯಾಂಪರ್ ವ್ಯಾನ್ ಮೇಲೆ ಎಸಿ ಕೂರಿಸೋದೂ ಇದೇ ಲೆಕ್ಕ.

ನಾವು ಈ ಕೆಲಸಕ್ಕೆ ಕೈ ಹಾಕಿದ್ದು ಒಂದು ಸೆಕೆಂಡ್ ಹ್ಯಾಂಡ್ ವ್ಯಾನಿಂದಾಗಿ. ಶಿರಾ, ಪಾವಗಡದ ಸರ್ಕಾರಿ ಶಾಲೆಗಳಿಗೆ ಲ್ಯಾಪ್‌ಟಾಪ್ ಒಯ್ದು ಮಕ್ಕಳಿಗೆ ಕೋಡಿಂಗ್ ತೋರಿಸೋ ಯೋಚನೆ. ಮಾರ್ಚ್ ಬಿಸಿಲಿಗೆ ವ್ಯಾನ್ ಒಳಗೆ ಕೂರೋಕಾಗಲ್ಲ. ಎಸಿ ಹಾಕಿ, ಅದು ಸೋರಿದ್ರೆ ನೀರು ಬೀಳೋದು ನೇರ ಲ್ಯಾಪ್‌ಟಾಪ್ ಮೇಲೆ.

ರೂಫ್‌ಟಾಪ್ ಎಸಿಯ ತೂಕ ಸಾಮಾನ್ಯವಾಗಿ 35-45 ಕೆಜಿ. ಅಮೆರಿಕದ ಅಳತೆಯವಕ್ಕೆ ಸುಮಾರು 14 ಇಂಚು ಚೌಕದ ತೂತು ಬೇಕು. ವ್ಯಾನಿನ ತಗಡೋ, ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಕತ್ತರಿಸಿದ ಮೇಲೆ ಅದರ ಬಿಗಿ ಇನ್ನೂ ಇಳಿಯುತ್ತೆ. ಭಾರಕ್ಕೆ ತಟ್ಟೆಯಂತೆ ತಗ್ಗಾಗಿ ನೀರು ನಿಲ್ಲುತ್ತೆ. ಮಳೆ ಕಮ್ಮಿ ಊರು ಅಂತ ಸುಮ್ಮನಿರೋ ಹಾಗಿಲ್ಲ. ಎಸಿ ತಾನೇ ಗಾಳಿಯಿಂದ ಹಿಂಡಿದ ನೀರನ್ನ ಸೂರಿನ ಮೇಲೇ ಬಿಡುತ್ತೆ.

ಹಾಗಾಗಿ ಮೊದಲು ಒಳಗಡೆ ಚೌಕ ಪೈಪಿನ ಫ್ರೇಮ್. ಅದು ಸೂರಿನ ಅಡ್ಡ ಪಟ್ಟಿಗಳಿಗೆ ಭಾರ ದಾಟಿಸಬೇಕು, ತಗಡಿಗಲ್ಲ. ಹೊರಗಡೆ ಕಟ್ಟೆ: ಸುಮಾರು ಒಂದು ಇಂಚು ಎತ್ತರದ ಚೌಕಟ್ಟು. ಕೆಳಮೈ ಸೂರಿನ ಡೊಂಕಿಗೆ ಹೊಂದಬೇಕು, ಮೇಲ್ಮೈ ಸಪಾಟಾಗಿರಬೇಕು. ತಗಡಲ್ಲಿ ಏರಿಳಿತದ ಗೆರೆಗಳಿದ್ರೆ ಅವನ್ನೂ ತುಂಬಬೇಕು. ಗ್ಯಾಸ್ಕೆಟ್ ಅಷ್ಟು ಆಳಕ್ಕೆ ಇಳಿಯಲ್ಲ. ಗ್ಯಾಸ್ಕೆಟ್ಟನ್ನ ಸುಮಾರು ಅರ್ಧದಷ್ಟು ಅಮುಕಿದ್ರೆ ಸಾಕು. ಪೂರ್ತಿ ಚಪ್ಪಟೆ ಮಾಡಿದ್ರೆ ಅದಕ್ಕೆ ಮತ್ತೆ ಉಬ್ಬೋ ಶಕ್ತಿ ಇರಲ್ಲ.

ಅಂಟಿನ ವಿಷಯಕ್ಕೇ ಜಗಳ ಜಾಸ್ತಿ. ನಮ್ಮ ವ್ಯಾನಿಗೆ ಹಿಂದೆ ಯಾರೋ ಎಲ್ಲಾ ಕಡೆ ಸಿಲಿಕೋನ್ ಮೆತ್ತಿದ್ರು. ಅದರ ಮೇಲೆ ಪೇಂಟ್ ನಿಲ್ಲಲ್ಲ, ಬೇರೆ ಅಂಟೂ ಹಿಡಿಯಲ್ಲ. ಕೆರೆದು ತೆಗೆಯೋಕೇ ದಿನಗಟ್ಟಲೆ. ಕಟ್ಟೆ ಕೆಳಗೆ ಬ್ಯೂಟೈಲ್ ಟೇಪ್, ಅಂಚಿಗೆ ಪಾಲಿಯುರೆಥೇನ್ ಸೀಲೆಂಟ್ ವಾಸಿ. ಗಟ್ಟಿಯಾಗಿ ಒಣಗೋ ಅಂಟು ಯಾಕೆ ಬೇಡ? 40 ಡಿಗ್ರಿ ಏರಿದ್ರೆ ಒಂದು ಮೀಟರ್ ಅಲ್ಯೂಮಿನಿಯಂ ಸುಮಾರು 0.9 ಮಿಮೀ ಹಿಗ್ಗುತ್ತೆ, ಸ್ಟೀಲ್ ಅದರ ಅರ್ಧ. ಎರಡರ ಮಧ್ಯೆ ಇರೋದು ರಬ್ಬರಿನಂತೆ ಎಳೆದಾಡದಿದ್ರೆ ಬಿರುಕು ಬಿಡುತ್ತೆ. ಈ ಎರಡು ಲೋಹ ನೇರ ತಾಗಿ ಒದ್ದೆಯಾದ್ರೆ ಸವೆತ ಬೇರೆ. ಕತ್ತರಿಸಿದ ಅಂಚಿಗೆ ಪ್ರೈಮರ್ ಹಚ್ಚೋದನ್ನ ಮರೀಬೇಡಿ.

ಎಸಿ ಕೂರಿಸಿದ ಮೇಲೆ, ಒಳಗಿನ ಪ್ಲಾಸ್ಟಿಕ್ ಮುಚ್ಚಳ ಹಾಕೋ ಮುಂಚೆ, ನೆಲಕ್ಕೆ ನ್ಯೂಸ್‌ಪೇಪರ್ ಹಾಸಿ ಅರ್ಧ ಗಂಟೆ ಪೈಪಲ್ಲಿ ನೀರು ಬಿಡಿ. ಆಮೇಲೆ ಮಧುಗಿರಿವರೆಗೆ ಓಡಿಸಿಕೊಂಡು ಬನ್ನಿ, ಕುಲುಕಾಟಕ್ಕೆ ಸಡಿಲವಾದ ಬೋಲ್ಟ್ ಬಿಗಿ ಮಾಡಿ. ಒಂದು ಪಕ್ಕದ ಚಕ್ರಗಳನ್ನ ದಿಣ್ಣೆಗೆ ಹತ್ತಿಸಿ ನಿಲ್ಲಿಸಿ, ಮತ್ತೊಂದ್ಸಲ ನೀರು ಬಿಡಿ.